ಸೊಟ್ಟ ಹೆಲ್ಮೆಟ್ಟಿನ ಸರಿಯಾದ ಅಳತೆ

ಆ ಬಿಳಿ ಹೆಲ್ಮೆಟ್ಟನ್ನು ನೀವು ನೋಡಿಯೇ ಇರುತ್ತೀರಿ. ಸ್ಟಾರ್ ವಾರ್ಸ್ ಸಿನಿಮಾ ನೋಡದವರಿಗೂ ಅದರ ಪರಿಚಯ ಇದೆ. ಮಕ್ಕಳ ಶಾಲೆ ಚೀಲದ ಮೇಲೆ, ಟೀ ಶರ್ಟಿನ ಮೇಲೆ, ಬೈಕಿನ ಟ್ಯಾಂಕಿಗೆ ಅಂಟಿಸಿದ ರೇಡಿಯಂ ಸ್ಟಿಕ್ಕರಿನಲ್ಲಿ ಅದು ಬಂದು ಕೂತಿದೆ. ಅದು ಸಿನಿಮಾದ ಬಿಳಿ ಕವಚದ ಸಿಪಾಯಿಯದ್ದು, ಸ್ಟಾರ್ಮ್‌ಟ್ರೂಪರ್ ಅಂತ ಹೆಸರು. 1977ರ ಮೊದಲ ಸಿನಿಮಾದ ಒಂದು ಒಳ್ಳೆಯ ಫೋಟೋ ಹುಡುಕಿ, ಆ ಮುಖದ ನಡುವೆ ನೆಟ್ಟಗೆ ಒಂದು ಗೆರೆ ಎಳೆದು ನೋಡಿ. ಎಡಭಾಗ ಬಲಭಾಗಕ್ಕೆ ಹೊಂದುವುದಿಲ್ಲ. ಒಂದು ಕಣ್ಣಿನ ಆಕಾರ ಇನ್ನೊಂದಕ್ಕಿಲ್ಲ. ಕಿವಿಯ ಮೇಲಿನ ಮುಚ್ಚಳಗಳು ಒಂದರ ಹಾಗೆ ಒಂದಿಲ್ಲ. ಬಾಯಿಯ ಹಲ್ಲುಗಳನ್ನು ಯಾರೋ ಕೈಯಲ್ಲಿ ಕೊರೆದದ್ದು ಗೊತ್ತಾಗುತ್ತದೆ.

ಬೆಳಗಾವಿಯಲ್ಲಿ ನಾವೊಂದಿಷ್ಟು ಮಂದಿ ಈ ಸೊಟ್ಟ ಮುಖವನ್ನು ಹಾಗೆಯೇ, ಸೊಟ್ಟಾಗಿಯೇ ಮಾಡಲು ಹೊರಟವರು. ಒಬ್ಬರು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಒಬ್ಬ ಕಾರುಗಳ ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿನ ಹುಡುಗ. ಶಹಾಪುರದ ಅಕ್ಕ ಒಬ್ಬರು ಹೊಲಿಗೆಯವರು. ವಿಜಯಪುರದ ಡ್ರಾಯಿಂಗ್ ಮಾಸ್ತರರು ರಜೆ ಸಿಕ್ಕಾಗ ಬಸ್ಸು ಹತ್ತಿ ಬರುತ್ತಾರೆ. ನಾನು ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್, ಅಂದರೆ ಎರಕದ ಮಾದರಿ, ಡಿಸೈನ್ ಮಾಡುವವನು. ನಮ್ಮ ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ. ರವಿವಾರ ಸಂಜೆ ಸೇರುತ್ತೇವೆ, ಕೆಲಸ ಮಾಡುತ್ತೇವೆ, ಚಹಾ ಕುಡಿಯುತ್ತೇವೆ.

ಪರದೆಯ ಮೇಲೆ ಕಂಡ ವೇಷವನ್ನು ಅಳತೆ, ಬಣ್ಣ, ಜೋಡಣೆ ಎಲ್ಲದರಲ್ಲೂ ಹಾಗ್ಹಾಗೇ ತಯಾರಿಸುವುದಕ್ಕೆ ಈ ಹವ್ಯಾಸದವರು ಸ್ಕ್ರೀನ್ ಆಕ್ಯುರೇಟ್ ಅನ್ನುತ್ತಾರೆ. ಇದನ್ನು ಕೇಳಿದ ಕೂಡಲೇ ಬಹಳ ಮಂದಿಗೆ ಒಂದೇ ಪ್ರಶ್ನೆ ಬರುತ್ತದೆ. ಇಲ್ಲದ ಸೈನ್ಯ, ಇಲ್ಲದ ಕವಚ. ಅದಕ್ಕೆ ಇಷ್ಟು ಕರಾರುವಾಕ್ಕು ಯಾಕೆ? ಮೂರು ಮಿಲಿಮೀಟರ್ ಆಚೀಚೆ ಆದರೆ ಯಾರ ಗಂಟು ಹೋಗುತ್ತದೆ?

ಪ್ರಶ್ನೆ ಸರಿಯಾದದ್ದೇ. ಆದರೆ ನಾವು ಅಳೆಯುತ್ತಿರುವುದು ಇಲ್ಲದ ಸೈನ್ಯವನ್ನಲ್ಲ. 1976ರಲ್ಲಿ ಇಂಗ್ಲೆಂಡಿನಲ್ಲಿ ಗಡಿಬಿಡಿಯಲ್ಲಿ ದುಡಿದ ಕೆಲವು ಕೆಲಸಗಾರರ ಕೈಯನ್ನು.

ಆ ಕಥೆ ಸ್ವಲ್ಪ ಹೇಳಬೇಕು. ಈ ಸಿಪಾಯಿಗಳ ರೂಪ ಮೊದಲು ಮೂಡಿದ್ದು ರಾಲ್ಫ್ ಮೆಕ್‌ಕ್ವಾರಿ ಎಂಬ ಕಲಾವಿದರ ಚಿತ್ರಗಳಲ್ಲಿ. ಚಿತ್ರದಿಂದ ಅದನ್ನು ಮಣ್ಣಿಗೆ ಇಳಿಸಬೇಕಿತ್ತು. ಹೆಲ್ಮೆಟ್ಟಿನ ಮಣ್ಣಿನ ಮಾದರಿ ಮಾಡಿದವರು ನಿಕ್ ಪೆಂಬರ್ಟನ್. ಮೈಕವಚದ ಮಾದರಿ ತಿದ್ದಿದವರು ಬ್ರಯನ್ ಮ್ಯೂರ್ ಎಂಬ ಶಿಲ್ಪಿ. ಸಿನಿಮಾದ ಖಳ ಡಾರ್ತ್ ವೇಡರನ ಕಪ್ಪು ಮುಖವೂ ಅವರ ಕೈಯದ್ದೇ. ಆ ಮಾದರಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಹೆಲ್ಮೆಟ್ಟು, ಕವಚ ತೆಗೆದುಕೊಟ್ಟವರು ಆಂಡ್ರ್ಯೂ ಐನ್ಸ್‌ವರ್ತ್. ಸಿನಿಮಾಕ್ಕೆ ಬೇಕಾದ 50 ಹೆಲ್ಮೆಟ್ಟುಗಳು ಅವರ ಕಾರ್ಖಾನೆಯಿಂದ ಬಂದವು.

ಅವುಗಳಲ್ಲಿ ಹೆಚ್ಚಿನವು ಹಿಂದೆ ನಿಲ್ಲುವ, ಬೀಳುವ, ಓಡುವ ಸಿಪಾಯಿಗಳಿಗೆ. ಅವನ್ನು ಸ್ಟಂಟ್ ಹೆಲ್ಮೆಟ್ ಅನ್ನುತ್ತಾರೆ. ಎಚ್‌ಡಿಪಿಇ ಪ್ಲಾಸ್ಟಿಕ್ಕಿನಲ್ಲಿ ತೆಗೆದು ಮೇಲೆ ಬಿಳಿ ಬಣ್ಣ ಬಳಿದದ್ದು. ಆ ಪ್ಲಾಸ್ಟಿಕ್ಕಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಚಕ್ಕೆ ಏಳುತ್ತದೆ. ಕ್ಯಾಮೆರಾ ಹತ್ತಿರ ಬರುವ ನಟರಿಗೆ ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಕೆಲವು ಹೀರೋ ಹೆಲ್ಮೆಟ್ಟುಗಳು. ಅವುಗಳ ಕಣ್ಣಿನ ಗಾಜು ಉಬ್ಬಿದೆ, ಸ್ಟಂಟ್‌ನಲ್ಲಿ ಚಪ್ಪಟೆ. ಅಂದರೆ ಎರಡು ಜಾತಿ. ನೀವು ಯಾವುದನ್ನು ಮಾಡುತ್ತಿದ್ದೀರಿ ಅನ್ನುವುದನ್ನು ಮೊದಲೇ ತೀರ್ಮಾನಿಸಬೇಕು. ಇದರ ಕಣ್ಣು, ಅದರ ಬಾಯಿ ಅಂತ ಕಲಸಿಬಿಟ್ಟರೆ ಎರಡೂ ಅಲ್ಲದ ಇನ್ನೇನೋ ಆಗುತ್ತದೆ.

ಹೆಲ್ಮೆಟ್ಟಿನ ಪಕ್ಕದಲ್ಲಿ ನೀಲಿ ಪಟ್ಟೆಗಳಿವೆ. ಸ್ಟಂಟ್ ಹೆಲ್ಮೆಟ್ಟುಗಳಲ್ಲಿ ಅವನ್ನು ಕುಂಚ ಹಿಡಿದು ಬರೆದಿದ್ದಾರೆ. ಒಂದು ಪಟ್ಟೆ ದಪ್ಪ, ಇನ್ನೊಂದು ತೆಳು. ಇದನ್ನು ಮಾಡುವವರು ಇಂದಿಗೂ ಹಂಬ್ರೋಲ್ ಕಂಪನಿಯ 14ನೇ ನಂಬರಿನ ನೀಲಿ ಹುಡುಕುತ್ತಾರೆ. ಇಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ನಮ್ಮ ಗ್ಯಾರೇಜಿನ ಹುಡುಗ ಕಾರಿನ ಬಣ್ಣಗಳನ್ನೇ ಬೆರೆಸಿ ಹತ್ತಿರದ ಛಾಯೆ ತಂದ. ಅವನು ಗುದ್ದಿಸಿಕೊಂಡು ಬಂದ ಕಾರಿನ ಒಂದು ಬಾಗಿಲಿಗೆ ಬಣ್ಣ ಹೊಡೆದು, ಉಳಿದ ಮೂರು ಬಾಗಿಲ ಜೊತೆ ಕೂಡಿಸುವವನು. ಬಿಸಿಲಲ್ಲಿ ಒಂದು ಬಣ್ಣ, ಟ್ಯೂಬ್ ಲೈಟಿನಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ ಅಂತ ನಮಗೆಲ್ಲ ಮೊದಲು ಹೇಳಿದ್ದು ಅವನೇ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನನ್ನದು ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಬರೆಯುವ ಕೆಲಸ. ಅರ್ಧ ಬರೆದು ಮಿರರ್ ಒತ್ತಿದರೆ ಉಳಿದರ್ಧ ತಾನೇ ಬರುತ್ತದೆ. ಪಂಪಿನ ಬಾಡಿಗೋ, ಮೋಟಾರಿನ ಕವರಿಗೋ ಅದು ಸರಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಹೆಲ್ಮೆಟ್ಟಿನ ತ್ರೀಡಿ ಪ್ರಿಂಟ್ ಫೈಲುಗಳಲ್ಲಿ ಅನೇಕವು ಹೀಗೇ ಮಿರರ್ ಮಾಡಿದಂಥವು. ನೋಡಲು ಚೊಕ್ಕ. ಎರಡೂ ಕಡೆ ಸಮ. ಆದರೆ ಮುಖದಲ್ಲಿ ಜೀವ ಇಲ್ಲ. ಮೊದಮೊದಲು ನಮಗೆ ಕಾರಣ ತಿಳಿಯಲಿಲ್ಲ. ಮೂಲದ ಫೋಟೋ ಪಕ್ಕ ಇಟ್ಟು ನೋಡಿದಾಗ ಮಾಸ್ತರರು ಹೇಳಿದರು, ಮೂಲದಲ್ಲಿ ಆ ಮುಖ ಎಲ್ಲೋ ನೋಡುತ್ತಿದೆ, ಇದು ಎಲ್ಲೂ ನೋಡುತ್ತಿಲ್ಲ ಅಂತ. ಅವರು ವರ್ಷಗಟ್ಟಲೆ ಮಕ್ಕಳಿಗೆ ಮುಖ ಬರೆಯಲು ಕಲಿಸಿದವರು. ಯಾರ ಮುಖವೂ ಎರಡೂ ಕಡೆ ಸಮ ಇರುವುದಿಲ್ಲ, ಅಲ್ವಾ? ಪೆಂಬರ್ಟನ್ನರ ಬೆರಳು ಮಣ್ಣಿನಲ್ಲಿ ಬಿಟ್ಟ ಆ ಸಣ್ಣ ಹೆಚ್ಚುಕಡಿಮೆಯೇ ಅದಕ್ಕೆ ನೋಟ ಕೊಟ್ಟಿದೆ. ಯಂತ್ರ ಅದನ್ನು ತಪ್ಪು ಅಂತ ತಿದ್ದಿಬಿಡುತ್ತದೆ.

ತ್ರೀಡಿ ಪ್ರಿಂಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲೂ ಒಂದಿದೆ, ಸೊಂಟಪಟ್ಟಿಯ ಪೆಟ್ಟಿಗೆಗಳಿಗೆ, ಸಣ್ಣ ಗುಂಡಿಗಳಿಗೆ ಅದೇ ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಪ್ರಿಂಟರಿಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಬಿಸಿಲಿಗೆ ಕಾರು ನಿಲ್ಲಿಸಿ ಗಾಜು ಏರಿಸಿ ಹೋದರೆ ಒಳಗಿದ್ದ ಭುಜದ ತುಂಡು ಬಾಗಿ ಕೂತಿರುತ್ತದೆ. ಎಬಿಎಸ್ ಮೆತ್ತಗಾಗಲು 100 ಡಿಗ್ರಿ ದಾಟಬೇಕು. ನಮ್ಮ ಕಡೆಯ ಬೇಸಿಗೆಗೆ ಅದೇ ತಕ್ಕದ್ದು. ಆದರೆ ಎಬಿಎಸ್ ಬಿಸಿಲಲ್ಲಿ ಬಿಟ್ಟರೆ ಹಳದಿಯಾಗುತ್ತದೆ. ಸಿನಿಮಾದ ಮೂಲ ಕವಚಗಳೂ ಕಾಲ ಕಳೆದಂತೆ ಕೆನೆ ಬಣ್ಣಕ್ಕೆ ತಿರುಗಿವೆ. ಹಾಗಾಗಿ ಇವತ್ತಿನ ಫೋಟೋ ನೋಡಿ ಬಿಳುಪು ಆರಿಸಬಾರದು.

ಪ್ಲಾಸ್ಟಿಕ್ ಎಳೆಯುವ ಕೆಲಸಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಅನ್ನುತ್ತಾರೆ. ಎರಡು ಮಿಲಿಮೀಟರಿನ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಕಾಯಿಸಬೇಕು. ನೀರು ಬಿದ್ದ ಹಪ್ಪಳದ ಹಾಗೆ ಅದು ನಡುವೆ ಜೋತು ಬೀಳುತ್ತದೆ. ಆಗ ತಡಮಾಡದೆ ಅಚ್ಚಿನ ಮೇಲೆ ಇಳಿಸಿ ಕೆಳಗಿನಿಂದ ಗಾಳಿ ಎಳೆಯಬೇಕು. ಹಾಳೆ ಅಚ್ಚಿಗೆ ಮೆತ್ತಿಕೊಳ್ಳುತ್ತದೆ. ಅಚ್ಚು ಎತ್ತರವಾದಷ್ಟೂ ಅದರ ಬದಿಗಳಲ್ಲಿ ಹಾಳೆ ಹಿಗ್ಗಿ ತೆಳುವಾಗುತ್ತದೆ. ಪರಿಚಯದ ಒಂದು ಬೋರ್ಡ್ ತಯಾರಿಸುವ ವರ್ಕ್‌ಶಾಪಿನಲ್ಲಿ, ಅವರ ಕೆಲಸ ಮುಗಿದ ಮೇಲೆ, ನಮಗೆ ಯಂತ್ರ ಸಿಗುತ್ತದೆ. ಕಿವಿ ಮುಚ್ಚಳದಂಥ ಸಣ್ಣ ತುಂಡುಗಳನ್ನು ಹಲ್ಲಿನ ಲ್ಯಾಬಿನ ಗೆಳೆಯರೇ ಎಳೆಯುತ್ತಾರೆ. ಹಲ್ಲಿನ ಟ್ರೇ ಮಾಡುವ ಅವರ ಪುಟ್ಟ ಯಂತ್ರವೂ ಇದೇ ರೀತಿಯದ್ದು.

ಆದರೆ ಅಚ್ಚು? ಅದಕ್ಕೆ ಬೆಳಗಾವಿ ಬೇಕು. ಇದು ಫೌಂಡ್ರಿಗಳ ಊರು. ಉದ್ಯಮಬಾಗದ ಪ್ಯಾಟರ್ನ್ ಶಾಪುಗಳಲ್ಲಿ ಸಾಗವಾನಿ ಕಟ್ಟಿಗೆಯನ್ನು ಕೆತ್ತಿ ಎರಕದ ಮಾದರಿ ಮಾಡುವ ಹಿರಿಯರು ಈಗಲೂ ಇದ್ದಾರೆ. ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದಕ್ಕಾಗಿ ಅವರ ಹತ್ತಿರ ಬೇರೆಯೇ ಸ್ಕೇಲ್ ಇರುತ್ತದೆ. ಅದರ ಇಂಚು ನಮ್ಮ ಇಂಚಿಗಿಂತ ಒಂಚೂರು ಉದ್ದ. ಮಣ್ಣಿನಿಂದ ಪ್ಯಾಟರ್ನ್ ಮೇಲೆತ್ತುವಾಗ ಅಂಚು ಒಡೆಯಬಾರದು ಅಂತ ಗೋಡೆಗಳಿಗೆ ಸ್ವಲ್ಪ ಓರೆ ಕೊಡುತ್ತಾರೆ. ಡ್ರಾಫ್ಟ್ ಅಂದರೆ ಅದೇ. ಪ್ಲಾಸ್ಟಿಕ್ಕಿಗೂ ಇದೇ ಲೆಕ್ಕ. ಎಬಿಎಸ್ ಕುಗ್ಗುವುದು ಕಡಿಮೆ, ಓರೆ ಮಾತ್ರ ಬೇಕೇಬೇಕು.

ನಮ್ಮ ಹೆಲ್ಮೆಟ್ಟಿನ ಫೋಟೋಗಳನ್ನು ಅಂಥ ಒಬ್ಬ ಹಿರಿಯರಿಗೆ ತೋರಿಸಿದೆವು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತೇವೆ. ಸಿನಿಮಾ ಅವರು ನೋಡಿರಲಿಲ್ಲ. ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

"ಇದು ಬಿಡೂದಿಲ್ಲ ತಮ್ಮಾ. ಕೆಳಗ ಗಲ್ಲದ ಕಡೆ ಒಳಗ ಹೊಕ್ಕೈತಿ ನೋಡ. ಹಾಳಿ ಅಲ್ಲೇ ಹಿಡಕೋತೈತಿ. ಹೆಂಗ ತೆಗೀತಿ?"

"ಎರಡು ತುಂಡು ಮಾಡೂಣೇನ್ರಿ ಕಾಕಾ?"

"ಅವರೂ ಹಂಗ ಮಾಡಿರಬೇಕಲ್ಲ. ಜೋಡಣಿ ಎಲ್ಲಿ ಮುಚ್ಚ್ಯಾರ, ಅದನ್ನ ಮೊದಲ ಹುಡುಕು."

ಮುಚ್ಚಿದ್ದು ಕಿವಿಯಲ್ಲಿ. ಹೆಲ್ಮೆಟ್ಟಿನ ಮುಖ ಬೇರೆ ತುಂಡು, ತಲೆ ಹಾಗೂ ಹಿಂಭಾಗ ಬೇರೆ ತುಂಡು. ಅವೆರಡು ಕೂಡುವ ಕಡೆ ಕಿವಿಯ ಮುಚ್ಚಳ ಕೂರಿಸಿ ಸ್ಕ್ರೂ ಹಾಕಿದ್ದಾರೆ. ಹಣೆಯ ಮೇಲಿನ ಕಪ್ಪು ರಬ್ಬರ್ ಪಟ್ಟಿಯೂ ಅಂಚು ಮುಚ್ಚಲಿಕ್ಕೆ ಇಟ್ಟದ್ದು. ಕೋಟಿಗಟ್ಟಲೆ ಜನ ಆ ಮುಖ ನೋಡಿದ್ದಾರೆ, ಕಿವಿಯನ್ನು ಅದರ ಅಂದ ಅಂದುಕೊಂಡಿದ್ದಾರೆ. ಸಿನಿಮಾ ನೋಡದ ಕಾಕಾರಿಗೆ ಫೋಟೋದಲ್ಲೇ ಆ ಕೆಲಸಗಾರರ ತೊಂದರೆ ಕಂಡಿತು. ಪ್ರತಿ ಹೆಲ್ಮೆಟ್ಟಿನಲ್ಲೂ ಆ ಕೂಡುವ ಸಾಲು ಒಂದಿಷ್ಟು ಆಚೀಚೆ ಆಗುತ್ತಿತ್ತು, ಕಿವಿಯನ್ನು ಅದಕ್ಕೆ ತಕ್ಕಂತೆ ಕತ್ತರಿಸಿ ಕೂರಿಸಬೇಕಿತ್ತು. ಎಡಕಿವಿ ಬಲಕಿವಿಯ ಹಾಗೆ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಆಮೇಲೆ ನಮ್ಮ ನೋಟವೇ ಬದಲಾಯಿತು. ತೋಳು, ತೊಡೆ, ಮೀನಖಂಡದ ಕವಚಗಳನ್ನು ನೋಡಿ. ಎರಡೆರಡು ಅರ್ಧಗಳನ್ನು ಅಂಚಿಗೆ ಅಂಚು ಕೂಡಿಸಿ, ಸಾಲಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ. ತೋಳಿಗೆ 15 ಮಿಲಿಮೀಟರ್ ಅಗಲದ ಪಟ್ಟಿ, ಕಾಲಿನ ಮುಂಭಾಗಕ್ಕೆ 20 ಮಿಲಿಮೀಟರ್. ಒಂದರ ಮೇಲೊಂದು ಅಂಚು ಏರಿಸಿ ಅಂಟಿಸಿದರೆ ಬೇಗ ಮುಗಿಯುತ್ತದೆ, ಗಟ್ಟಿಯೂ ಆಗುತ್ತದೆ. ಆದರೆ ಅವರು ಹಾಗೆ ಮಾಡಿಲ್ಲ. ಹಾಗಾಗಿ ನಾವೂ ಮಾಡುವುದಿಲ್ಲ. ಅಂಚು ಉಜ್ಜಿ ಉಜ್ಜಿ ಬೆಳಕು ದಾಟದ ಹಾಗೆ ಕೂಡಿಸುವುದರಲ್ಲಿ ಸಂಜೆಗಳು ಹೋಗುತ್ತವೆ. ಇದು ನನಗೆ ಬಹಳ ಇಷ್ಟದ ಕೆಲಸ.

ಹೊಸದಾಗಿ ಶುರುಮಾಡುವವರಿಗೆ ಪ್ಲಾಸ್ಟಿಕ್ಕಿಗಿಂತ ಇವಿಎ ಫೋಮ್ ಒಳ್ಳೆಯದು. ಚಪ್ಪಲಿ ಅಟ್ಟೆಗೆ ಬಳಸುವ ಸಾಮಾನೇ ಅದು. ಚಪ್ಪಲಿ ಸಾಮಾನು ಮಾರುವ ಅಂಗಡಿಯಲ್ಲಿ ಹಾಳೆಗಟ್ಟಲೆ ಸಿಗುತ್ತದೆ. ಅಂಟಿಸಲು ಅವರು ಬಳಸುವ ಸಲ್ಯೂಷನ್ನೇ ಸಾಕು. ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಕಿಟಕಿ ತೆರೆದಿಟ್ಟು ಮಾಡಿ, ಆ ವಾಸನೆ ಒಳ್ಳೆಯದಲ್ಲ. ಹೀಟ್ ಗನ್ನಿನಿಂದ ಕಾಯಿಸಿ ಮೊಣಕಾಲಿಗೆ ಒತ್ತಿ ಹಿಡಿದರೆ ಫೋಮ್ ಬಾಗುತ್ತದೆ, ಆರಿದ ಮೇಲೆ ಹಾಗೇ ನಿಲ್ಲುತ್ತದೆ. ಕಣ್ಣಿನ ಗಾಜಿಗೆ ವೆಲ್ಡಿಂಗ್ ಅಂಗಡಿಯ ಹಸಿರು ಶೀಟ್. ಪಟ್ಟೆ, ಗುರುತುಗಳಿಗೆ ಮಾಸ್ಕ್ ಬೇಕಾದರೆ ರೇಡಿಯಂ ಅಂಗಡಿಯವರು ನಿಮಿಷದಲ್ಲಿ ಕತ್ತರಿಸಿ ಕೊಡುತ್ತಾರೆ. ಒಳಗಿನ ಕಪ್ಪು ಉಡುಪು, ಇಲಾಸ್ಟಿಕ್ ಪಟ್ಟಿ, ಟಿಚ್ ಬಟನ್ ಎಲ್ಲ ನಮ್ಮ ಅಕ್ಕನ ಪಾಲು. ಕವಚ ಮೈಮೇಲೆ ನಿಲ್ಲುವುದು ಅಂಟಿನಿಂದಲ್ಲ, ಈ ಪಟ್ಟಿಗಳಿಂದ. ಅವರು ಪಟ್ಟಿಯನ್ನು ಅರ್ಧ ಇಂಚು ಸರಿಸಿದರೆ ಸಿಪಾಯಿಯ ನಿಲುವೇ ನೆಟ್ಟಗಾಗುತ್ತದೆ.

ಹೊರದೇಶದಿಂದ ಕಿಟ್ ತರಿಸುವವರೂ ಇದ್ದಾರೆ. ಅದು ಅವರವರ ಇಷ್ಟ, ಕಿಟ್ ಕೂಡಿಸುವುದೂ ಸಣ್ಣ ಕೆಲಸ ಅಲ್ಲ. ಆದರೆ ಕಿಟ್ ತರಿಸಿದ್ದರೆ ನಾನು ಕಾಕಾರ ಮುಂದೆ ಆ ಫೋಟೋ ಹಿಡಿದು ಕೂರುತ್ತಿರಲಿಲ್ಲ. ಒಂದೇ ಉದ್ಯಮಬಾಗದಲ್ಲಿ ಇಷ್ಟು ವರ್ಷ ಇದ್ದೂ ನಾನು ಅವರಿಂದ ಕಲಿತದ್ದು ಈ ಹೆಲ್ಮೆಟ್ಟಿನ ನೆವದಲ್ಲೇ.

ನಮ್ಮ ಕಡೆ ವೇಷ ಕಟ್ಟುವುದು ಹೊಸದೇನಲ್ಲ. ದೊಡ್ಡಾಟದ ಕಿರೀಟ, ಭುಜಕೀರ್ತಿಗಳನ್ನು ಹಗುರ ಕಟ್ಟಿಗೆ, ರಟ್ಟು, ಬೇಗಡೆಯಲ್ಲಿ ಮಾಡುತ್ತಿದ್ದರು. ಬೆಳಗಿನ ತನಕ ಕುಣಿಯುವ ಮನುಷ್ಯನ ತಲೆಗೆ ಭಾರ ಆಗಬಾರದು, ದೂರ ಕೂತವರ ಕಣ್ಣಿಗೆ ಚಿನ್ನ ಕಾಣಬೇಕು. ಅದು ದೂರದ ಕಣ್ಣಿಗೆ ಮಾಡಿದ ಕೆಲಸ. ಸ್ಟಾರ್ಮ್‌ಟ್ರೂಪರ್ ಕವಚವೂ ನಿಜ ಹೇಳಬೇಕೆಂದರೆ ಅಂಥದ್ದೇ. ಪರದೆಯ ಮೇಲೆ ಮಿಂಚಿ ಮಾಯವಾಗಲಿ ಅಂತ ಮಾಡಿದ್ದು. ಯಾರಾದರೂ ಚಿತ್ರ ನಿಲ್ಲಿಸಿ ಸ್ಕ್ರೂ ಎಣಿಸುತ್ತಾರೆ ಅಂತ ಆ ಕೆಲಸಗಾರರು ಅಂದುಕೊಂಡಿರಲಿಕ್ಕಿಲ್ಲ. ಸಿನಿಮಾದ ಸಿಪಾಯಿಗಳ ಕೈಯಲ್ಲಿರುವ ಬಂದೂಕು ನಿಜವಾದ ಸ್ಟರ್ಲಿಂಗ್ ಸಬ್‌ಮಷೀನ್ ಗನ್. ಅದಕ್ಕೊಂದು ಹಳೆಯ ದೂರದರ್ಶಕ, ಹೆಂಗ್ಸ್ಟ್ಲರ್ ಕಂಪನಿಯ ಒಂದು ಎಣಿಕೆ ಯಂತ್ರ ಸಿಕ್ಕಿಸಿದ್ದಾರೆ. ಮುಂದಿನ ಸಿನಿಮಾದ ಐಜಿ-88 ಎಂಬ ರೋಬೋಟಿನ ತಲೆಯಂತೂ ರೋಲ್ಸ್ ರಾಯ್ಸ್ ಡರ್ವೆಂಟ್ ಜೆಟ್ ಎಂಜಿನ್ನಿನ ಒಳಗಿನ ಭಾಗ. ಗುಜರಿಯಲ್ಲಿ ಸಿಕ್ಕಿದ್ದರಲ್ಲೇ ಮುಂದಿನ ಕಾಲ ಕಟ್ಟಿದವರು ಅವರು. ಇದು ತಿಳಿದ ಮೇಲೆ ನನಗೆ ಅವರ ಮೇಲೆ ಗೌರವ ಜಾಸ್ತಿಯೇ ಆಯಿತು.

ಆದರೂ ಬಹಳ ಕಾಲ ಅವರ ಹೆಸರುಗಳು ಹೊರಗಿನವರಿಗೆ ಗೊತ್ತಿರಲಿಲ್ಲ. ಪೆಂಬರ್ಟನ್ ಮಾಡಿದ್ದು ಯಾವುದು, ಐನ್ಸ್‌ವರ್ತ್ ಮಾಡಿದ್ದು ಯಾವುದು ಅನ್ನುವುದನ್ನು ತೀರ್ಮಾನಿಸಿದ್ದು ಒಂದು ಕೋರ್ಟು. ಐನ್ಸ್‌ವರ್ತ್ ಹೆಲ್ಮೆಟ್ಟಿನ ಪ್ರತಿಗಳನ್ನು ಮಾರಲು ಶುರುಮಾಡಿದಾಗ ಸಿನಿಮಾ ತೆಗೆದ ಕಂಪನಿ ಲ್ಯೂಕಾಸ್‌ಫಿಲ್ಮ್ ಅವರ ಮೇಲೆ ಕೇಸು ಹಾಕಿತು. ಅದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತನಕ ಹೋಯಿತು. ಈ ಹೆಲ್ಮೆಟ್ ಶಿಲ್ಪ ಹೌದೋ ಅಲ್ಲವೋ ಅನ್ನುವುದು ಮುಖ್ಯ ಪ್ರಶ್ನೆ. 2011ರಲ್ಲಿ ನ್ಯಾಯಾಧೀಶರು ಅಲ್ಲ ಅಂದರು. ಅದು ಸಿನಿಮಾ ತಯಾರಿಕೆಗೆ ಬಳಸಿದ ಒಂದು ವಸ್ತು ಅಂದರು. ಕಾನೂನಿನ ದಾರಿ ನನಗೆ ಅರ್ಥವಾಗುತ್ತದೆ. ಆದರೆ ಆ ಹುಬ್ಬಿನ ಬಾಗು ಹಿಡಿಯಲು ಪುಟ್ಟಿ ಹಚ್ಚಿ, ಕೆರೆದು, ಮತ್ತೆ ಹಚ್ಚಿದ ನನ್ನ ಕೈ ಅದನ್ನು ಶಿಲ್ಪ ಅಂತಲೇ ಹೇಳುತ್ತದೆ.

ವಿಜಯಪುರದ ಮಾಸ್ತರರಿಗೆ ಈ ಕೇಸಿನ ಕಥೆ ಹೇಳಿದಾಗ ಅವರು ತಮ್ಮೂರಿನ ಮಲಿಕ್-ಎ-ಮೈದಾನ ತೋಪಿನ ಮಾತು ತೆಗೆದರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ ಸಿಕ್ಕಿದೆ. ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವರ ಹೆಸರನ್ನು ತೋಪಿನ ಮೇಲೆಯೇ ಕೆತ್ತಿದ್ದಾರೆ. ಮಾಸ್ತರರು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಆ ಸಿಂಹದ ಬಾಯಿ ಬರೆಸುತ್ತಾರೆ. ಯುದ್ಧದ ಸಾಮಾನಿನ ಮೇಲೂ ಕೆಲಸಗಾರನ ಹೆಸರು ನಿಂತಿದೆ ನೋಡಿ ಅಂದರು. ಅಂದಿನಿಂದ ನಮ್ಮ ಪ್ರತಿ ಹೆಲ್ಮೆಟ್ಟಿನ ಒಳಗೆ, ತಲೆಯ ಭಾಗದಲ್ಲಿ, ಅದರ ಅಚ್ಚು ಮಾಡಿದವರು, ಎಳೆದವರು, ಬಣ್ಣ ಹೊಡೆದವರು, ಹೊಲಿದವರು ಎಲ್ಲರ ಹೆಸರು ಬರೆಯುತ್ತೇವೆ. ಮೊದಲ ಹೆಸರು ಕಾಕಾರದ್ದು.

ಮಾರುವುದಿಲ್ಲ. ಅದೊಂದು ನಿಯಮ ಇಟ್ಟುಕೊಂಡಿದ್ದೇವೆ. ಜಗತ್ತಿನಲ್ಲಿ ಈ ವೇಷದವರ ದೊಡ್ಡ ಬಳಗ 501ನೇ ಲೀಜನ್. ಅಮೆರಿಕದ ಆಲ್ಬಿನ್ ಜಾನ್ಸನ್ 1997ರಲ್ಲಿ ಶುರುಮಾಡಿದ್ದು. ಸೇರಬೇಕಾದರೆ ನಿಮ್ಮ ಕವಚದ ಫೋಟೋಗಳನ್ನು ಅವರ ಪಟ್ಟಿಯ ಜೊತೆ ಇಂಚಿಂಚೂ ಹೋಲಿಸಿ ನೋಡುತ್ತಾರೆ. ಅಷ್ಟು ಕಟ್ಟುನಿಟ್ಟು. ಆದರೆ ಆ ವೇಷ ಹಾಕಿಕೊಂಡು ಅವರು ಹೋಗುವುದು ಆಸ್ಪತ್ರೆಗಳಿಗೆ, ಮಕ್ಕಳ ಹತ್ತಿರ, ದೇಣಿಗೆ ಕೂಡಿಸುವ ಕಾರ್ಯಕ್ರಮಗಳಿಗೆ. ತಮಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಜಾನ್ಸನ್ನರ ಪುಟ್ಟ ಮಗಳು ಕೇಟಿಗೆ ಮೆದುಳಿನಲ್ಲಿ ಗೆಡ್ಡೆಯಾಯಿತು. ಅವಳಿಗಾಗಿ ರೋಬೋಟ್ ಕಟ್ಟುವ ಹವ್ಯಾಸಿಗಳು ಸೇರಿ ಸಿನಿಮಾದ ಪುಟ್ಟ ರೋಬೋಟ್ ಆರ್2-ಡಿ2 ಹಾಗೆ, ಗುಲಾಬಿ ಬಣ್ಣದ ಒಂದು ರೋಬೋಟ್ ಮಾಡಲು ಕೂತರು. 2005ರಲ್ಲಿ ಮಗು ತೀರಿಕೊಂಡಿತು. ರೋಬೋಟ್ 2006ರಲ್ಲಿ ಪೂರ್ತಿಯಾಯಿತು. ಅದರ ಹೆಸರು ಆರ್2-ಕೆಟಿ. ಅದು ಇವತ್ತಿಗೂ ಮಕ್ಕಳ ಹತ್ತಿರ ಹೋಗುತ್ತದೆ. ಕರಾರುವಾಕ್ಕು ಯಾಕೆ ಅನ್ನುವವರಿಗೆ ನಾನು ಇದನ್ನೂ ಹೇಳುತ್ತೇನೆ. ಮಗುವಿನ ಕಣ್ಣು ಬಹಳ ಚುರುಕು. ಎದುರಿಗೆ ಬಂದದ್ದು ಸಿನಿಮಾದ್ದೇ ಅಂತ ಅದಕ್ಕೆ ಅನ್ನಿಸಬೇಕು.

ನಾವೂ ಒಂದು ಶಾಲೆಗೆ ಹೋಗಿದ್ದೆವು. ಹಾಕಿಕೊಳ್ಳಲು ಇನ್ನೊಬ್ಬರ ಸಹಾಯ ಬೇಕೇಬೇಕು. ಕಾಲಿನಿಂದ ಶುರುಮಾಡಿ ಮೇಲಕ್ಕೆ, ತಲೆ ಕೊನೆಗೆ. ಹಾಕಿಕೊಂಡ ಮೇಲೆ ಕೂರುವಂತಿಲ್ಲ. ಬೆವರು ಇಳಿಯುತ್ತದೆ. ಒಳಗೆ ಸಣ್ಣ ಫ್ಯಾನ್ ಇದ್ದರೂ ಕಣ್ಣಿನ ಗಾಜು ಮಂಜಾಗುತ್ತದೆ, ಕಾಲ ಬುಡ ಕಾಣುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಒಬ್ಬರು ಕೈ ಹಿಡಿದು ನಡೆಸಬೇಕು. ಅಂದು ನನ್ನನ್ನು ನಡೆಸಿದವರು ಅಕ್ಕ. "ಮೆಟ್ಟಲ ಐತಿ ನೋಡಪಾ, ಸಾವಕಾಶ" ಅನ್ನುತ್ತ ಇದ್ದರು. ಸಣ್ಣ ಮಕ್ಕಳು ಮೊದಲು ಹೆದರುತ್ತಾರೆ. ದೂರದಲ್ಲೇ ನಿಂತು ಕೈ ಬೀಸಬೇಕು, ಅವರಾಗಿ ಬರುವ ತನಕ ಕಾಯಬೇಕು. ಒಬ್ಬ ಹುಡುಗಿ ಹತ್ತಿರ ಬಂದು ಕಿವಿಯ ಸ್ಕ್ರೂ ಮುಟ್ಟಿ, ಇದು ಯಾಕೆ ಇಲ್ಲಿದೆ ಅಂತ ಕೇಳಿದಳು. ಹೆಲ್ಮೆಟ್ಟಿನೊಳಗಿಂದ ನನ್ನ ಮಾತು ಅವಳಿಗೆ ಕೇಳುವಂತಿರಲಿಲ್ಲ. ಉತ್ತರ ಅಕ್ಕನೇ ಹೇಳಿದರು, ಎರಡು ತುಂಡು ಕೂಡಿಸಿದ ಕಥೆ ಪೂರ್ತಿ.

ಸದ್ಯ ಎದೆಯ ಭಾಗದ ಅಚ್ಚು ನಡೆದಿದೆ. ಕಟ್ಟಿಗೆಯ ಮೇಲೆ ಎಪಾಕ್ಸಿ ಹಚ್ಚಿ ತಿದ್ದುತ್ತಿದ್ದೇವೆ. ಮುಂದಿನಿಂದ ತೆಗೆದ ಫೋಟೋ ಸಾಲದು, ಬದಿಯಿಂದ ತೆಗೆದದ್ದು ಬೇಕು ಅಂತ ಕಾಕಾ ಕೇಳಿದ್ದಾರೆ. ಮ್ಯೂರ್ ಹೊಟ್ಟೆಯ ಹತ್ತಿರ ಎಷ್ಟು ಓರೆ ಕೊಟ್ಟಿದ್ದರು ಅನ್ನುವುದು ಅವರಿಗೆ ನೋಡಬೇಕಂತೆ. ಬರುವ ರವಿವಾರದೊಳಗೆ ಹುಡುಕಿ ಪ್ರಿಂಟ್ ತೆಗೆಸಬೇಕು.